ಎಂಟು ಬೈಟಿನ ಲೆಕ್ಕ: ಬ್ರಾಡ್‌ಬ್ಯಾಂಡ್‌ನಲ್ಲಿ ಪುಟ ಅರ್ಧಕ್ಕೆ ನಿಲ್ಲುವುದೇಕೆ?

ಸಂದೇಶ ಹೋಗುತ್ತದೆ, ಹುಡುಕಾಟದ ಪುಟ ತೆರೆಯುತ್ತದೆ, ಚಿಕ್ಕಪುಟ್ಟ ಚಿತ್ರಗಳೂ ಬರುತ್ತವೆ. ಮಗಳ ಕಾಲೇಜು ಅರ್ಜಿಯ ಪುಟ ಮಾತ್ರ ಅರ್ಧಕ್ಕೆ ನಿಂತು ಸುತ್ತುತ್ತಲೇ ಇರುತ್ತದೆ. ವೇಗ ಅಳೆದು ನೋಡಿದರೆ ಮುಳ್ಳು ಪೂರ್ತಿ ಏರುತ್ತದೆ. ಆದರೂ ಮನೆಯವರ ತೀರ್ಮಾನ ಒಂದೇ: 'ಲೈನು ಸ್ಲೋ'. ಮುಂದಿನ ತಿಂಗಳು ಇನ್ನಷ್ಟು ದುಡ್ಡು ಕೊಟ್ಟು ದೊಡ್ಡ ಪ್ಲಾನ್ ಹಾಕಿಸುತ್ತಾರೆ. ಪುಟ ಅಲ್ಲೇ ನಿಂತಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಇದು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇಂದು ತೋಟದ ಮನೆಗಳವರೆಗೂ ಅಂತರ್ಜಾಲದ ತಂತಿ ಬಂದಿದೆ. ಸಿಇಟಿ ಅರ್ಜಿ, ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟು, ಫಲಿತಾಂಶ ಎಲ್ಲವೂ ಅದೇ ತಂತಿಯ ಮೇಲೆ. ಕೊಬ್ಬರಿಯ ಧಾರಣೆ ಕೂಡ ಹಾಗೆಯೇ; ರಾಜ್ಯದಲ್ಲಿ 2014ರಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯಿಂದ ಟೆಂಡರು ಗಣಕದ ಪರದೆಗೆ ಬಂತು. ಕೊನೆಯ ದಿನ ಪುಟ ತೆರೆಯದಿದ್ದರೆ ಆಗುವ ನಷ್ಟ ದುಡ್ಡಿನದಷ್ಟೇ ಅಲ್ಲ, ಒಂದು ವರ್ಷದ್ದು. ಆದ್ದರಿಂದ ಕೆಲವು ಪುಟ ಬಂದು ಕೆಲವು ಬಾರದಿರುವ ಈ ಕಾಯಿಲೆಗೆ ಕಾರಣವಾಗಬಲ್ಲ ಒಂದು ಸಂಗತಿಯನ್ನು ವಿದ್ಯಾರ್ಥಿಗಳೂ ಪೋಷಕರೂ ತಿಳಿದಿರುವುದು ಒಳ್ಳೆಯದು. ಅದು ವೇಗದ ಮಾತಲ್ಲ, ಅಳತೆಯ ಮಾತು.

ಪೊಟ್ಟಣದ ಅಳತೆ

ಅಟ್ಟದ ಮೇಲಿನ ಕೊಬ್ಬರಿಯನ್ನು ಯಾರೂ ರಾಶಿಯಾಗಿ ಮಂಡಿಗೆ ಸುರಿದುಕೊಂಡು ಹೋಗುವುದಿಲ್ಲ. ಚೀಲಕ್ಕೆ ತುಂಬಿ, ಬಾಯಿ ಹೊಲಿದು ಸಾಗಿಸುತ್ತಾರೆ. ಅಂತರ್ಜಾಲವೂ ಹಾಗೆಯೇ. ನೀವು ಕಳಿಸುವ ಫೋಟೋ, ಅಂಕಪಟ್ಟಿ, ಪಾಠದ ವಿಡಿಯೋ ಯಾವುದೂ ಇಡಿಯಾಗಿ ಹೋಗುವುದಿಲ್ಲ. ಅದನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಲಾಗುತ್ತದೆ. ಪ್ರತಿ ಪೊಟ್ಟಣದ ಮೇಲೆ ಎಲ್ಲಿಂದ, ಎಲ್ಲಿಗೆ, ಎಷ್ಟನೆಯದು ಎಂಬ ವಿಳಾಸ ಚೀಟಿ ಇರುತ್ತದೆ. ಇದೇ 'ಪ್ಯಾಕೆಟ್'.

ಪೊಟ್ಟಣದ ತೂಕವನ್ನು ಬೈಟ್‌ಗಳಲ್ಲಿ ಅಳೆಯುತ್ತಾರೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡಕ್ಕೆ ಯೂನಿಕೋಡ್‌ನ ಯು.ಟಿ.ಎಫ್.-8 ಕ್ರಮದಲ್ಲಿ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಎಲ್ಲವನ್ನೂ ಬೇರೆ ಬೇರೆ ಎಣಿಸಿದರೆ 'ಕೊಬ್ಬರಿ' ಎಂಬ ಪದವೊಂದೇ 21 ಬೈಟ್ ಆಗುತ್ತದೆ.

ಒಂದು ಪೊಟ್ಟಣ ಎಷ್ಟು ದೊಡ್ಡದಿರಬಹುದು? ಕಾಗದದ ಮೇಲೆ ಮಿತಿ ದೊಡ್ಡದೇ. 1981ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಅಂತರ್ಜಾಲದ ಮೂಲ ನಿಯಮಾವಳಿ, ಆರ್.ಎಫ್.ಸಿ. 791, 65,535 ಬೈಟ್‌ವರೆಗೆ ಅವಕಾಶ ಕೊಟ್ಟಿದೆ. ಆದರೆ ಸಾಗಿಸುವ ತಂತಿಗೆ ತನ್ನದೇ ಮಿತಿ ಇರುತ್ತದೆ. ಈ ಮಿತಿಯ ಹೆಸರು ಎಂ.ಟಿ.ಯು.; ಒಂದು ಕೊಂಡಿ ಒಂದು ಸಲಕ್ಕೆ ಹೊರಬಲ್ಲ ಅತಿ ದೊಡ್ಡ ಪೊಟ್ಟಣ ಎಂದು ಅರ್ಥ.

ನಮ್ಮ ಮನೆ, ಶಾಲೆ, ಕಚೇರಿಗಳ ಜಾಲವೆಲ್ಲ ಈಥರ್‌ನೆಟ್ ಎಂಬ ಪದ್ಧತಿಯ ಮಕ್ಕಳು. 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. 1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಸಂಸ್ಥೆಗಳು ಸೇರಿ ಪ್ರಕಟಿಸಿದ ನಿಯಮದಲ್ಲಿ ಪೊಟ್ಟಣದ ಗರಿಷ್ಠ ಸರಕು 1500 ಬೈಟ್ ಎಂದು ನಿಗದಿಯಾಯಿತು. ಆಗ ಮೆಮೊರಿ ದುಬಾರಿ. ಒಂದೇ ತಂತಿಯನ್ನು ಹಲವು ಗಣಕಗಳು ಹಂಚಿಕೊಳ್ಳಬೇಕಿತ್ತು. ಒಬ್ಬನೇ ಬಹಳ ಹೊತ್ತು ದಾರಿ ಹಿಡಿದು ನಿಲ್ಲಬಾರದು. ಸೆಕೆಂಡಿಗೆ ಒಂದು ಕೋಟಿ ಬಿಟ್ ಸಾಗಿಸುತ್ತಿದ್ದ ಆ ತಂತಿಯಲ್ಲಿ 1500 ಬೈಟ್ ದಾಟಲು ಸೆಕೆಂಡಿನ ಸಾವಿರದ ಒಂದೂಕಾಲು ಪಾಲಿಗಿಂತ ಸ್ವಲ್ಪ ಕಡಿಮೆ ಸಮಯ ಸಾಕಿತ್ತು. ತಂತಿ ಸಾವಿರ ಪಟ್ಟು ಚುರುಕಾದರೂ ಆ 1500 ಹಾಗೇ ಉಳಿದುಬಿಟ್ಟಿದೆ.

ಎಂಟು ಬೈಟ್ ಯಾರ ಪಾಲು?

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಮೂಲಕ. ಆಗ ಫೋನಿನ ತಂತಿಗೆ ಮೋಡೆಮ್ ಕಟ್ಟಿ, ಕಿರ್ರೋ ಎನ್ನಿಸಿ, ಹೆಸರು ಮತ್ತು ಗುಪ್ತಪದ ಕೊಟ್ಟು ಒಳಹೋಗಬೇಕಿತ್ತು. ಇಂಥ ಸಂಪರ್ಕಕ್ಕೆ ಪಿ.ಪಿ.ಪಿ. ಎಂಬ ಒಪ್ಪಂದ ಬಳಕೆಗೆ ಬಂತು. ಯಾರು ಬಂದರು, ಚಂದಾದಾರರೇ, ಎಷ್ಟು ಹೊತ್ತು ಇದ್ದರು ಎಂಬ ಲೆಕ್ಕ ಇಡಲು ಸಂಸ್ಥೆಗಳಿಗೆ ಅದು ಅನುಕೂಲವಾಗಿತ್ತು.

2004ರ ಬ್ರಾಡ್‌ಬ್ಯಾಂಡ್ ನೀತಿ, ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದು ಬ್ರಾಡ್‌ಬ್ಯಾಂಡ್ ಎಂದಿತು. (2023ರ ಹೊತ್ತಿಗೆ ಈ ಕನಿಷ್ಠ ಮಿತಿ 2 ಮೆಗಾಬಿಟ್‌ಗೆ ಏರಿತು.) 2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ಅದೇ ಹಳೆಯ ಫೋನಿನ ತಾಮ್ರದ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಕೊಡತೊಡಗಿತು. 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಎಳೆಯ ತಂತಿ ಒಯ್ಯಲು ಹೊರಟಿತು. ತಂತಿ ತಾಮ್ರದಿಂದ ಗಾಜಿಗೆ ಬದಲಾಯಿತು. ಆದರೆ ಹೆಸರು, ಗುಪ್ತಪದ ಕೇಳುವ ಪದ್ಧತಿ ಬಹಳ ಕಡೆ ಹಾಗೇ ಉಳಿಯಿತು.

ಇಲ್ಲಿದೆ ಸೂಕ್ಷ್ಮ. ಹಳೆಯ ಪಿ.ಪಿ.ಪಿ. ಒಪ್ಪಂದವನ್ನು ಹೊಸ ಈಥರ್‌ನೆಟ್ ತಂತಿಯ ಮೇಲೆ ಕೂರಿಸುವ ವಿಧಾನಕ್ಕೆ ಪಿ.ಪಿ.ಪಿ.ಓ.ಇ. ಎಂದು ಹೆಸರು. 1999ರ ಫೆಬ್ರವರಿಯ ಆರ್.ಎಫ್.ಸಿ. 2516 ಇದರ ನಿಯಮ. ಚೀಲದೊಳಗೆ ಇನ್ನೊಂದು ಚೀಟಿ ಇಟ್ಟಂತೆ ಈ ವಿಧಾನ ಪ್ರತಿ ಪೊಟ್ಟಣದಲ್ಲೂ 6 ಬೈಟ್‌ನ ಒಂದು ಚೀಟಿ, 2 ಬೈಟ್‌ನ ಇನ್ನೊಂದು ಚೀಟಿ ಸೇರಿಸುತ್ತದೆ. ಚೀಲ ಮಾತ್ರ ಅದೇ 1500ರದ್ದು. ಎಂಟು ಬೈಟ್ ಚೀಟಿಗೆ ಹೋದರೆ ಸರಕಿಗೆ ಉಳಿಯುವುದು 1492. ಮನೆಯ ಮೋಡೆಮ್‌ನ ಸೆಟ್ಟಿಂಗ್‌ನಲ್ಲಿ 1492 ಎಂಬ ವಿಚಿತ್ರ ಸಂಖ್ಯೆ ಕಂಡವರಿಗೆ ಇದೇ ಉತ್ತರ.

ಎಂಟು ಬೈಟ್ ಎಂದರೆ ನೂರಕ್ಕೆ ಅರ್ಧ ಪಾಲು. ಇದರಿಂದ ವೇಗಕ್ಕೆ ಆಗುವ ನಷ್ಟ ಲೆಕ್ಕಕ್ಕೇ ಇಲ್ಲ. 2 ಮೆಗಾಬೈಟ್‌ನ ಅಂಕಪಟ್ಟಿಗೆ ದೊಡ್ಡ ಅಳತೆಯಲ್ಲಿ ಸುಮಾರು 1437 ಪೊಟ್ಟಣ ಬೇಕಾದರೆ, ಚಿಕ್ಕ ಅಳತೆಯಲ್ಲಿ 1445. 50 ಕಿಲೋಬೈಟ್‌ನ ಫೋಟೋಗೆ ಎರಡರಲ್ಲೂ 36. ಹಾಗಾದರೆ ಪುಟ ನಿಲ್ಲುವುದೇಕೆ? ಎಂಟು ಬೈಟ್ ಕಡಿಮೆಯಾದದ್ದರಿಂದಲ್ಲ. ಕಡಿಮೆಯಾಗಿದೆ ಎಂಬ ಸುದ್ದಿ ತಲುಪಬೇಕಾದವರಿಗೆ ತಲುಪದೇ ಹೋದದ್ದರಿಂದ.

ಚೌಕಾಸಿ ಮತ್ತು ಘೋಷಣೆ

ಸುದ್ದಿ ತಲುಪಿಸಲು ಅಂತರ್ಜಾಲದಲ್ಲಿ ಮೂರು ಏರ್ಪಾಡುಗಳಿವೆ.

ಮೊದಲನೆಯದು ನಿಜವಾದ ಚೌಕಾಸಿ. ದನದ ಜಾತ್ರೆಯಲ್ಲಿ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಹಿರಿಯರು ನೋಡಿದ್ದಾರೆ. ಮನೆಯ ಮೋಡೆಮ್ ಚಾಲೂ ಆದೊಡನೆ ಅತ್ತ ಸಂಸ್ಥೆಯ ಯಂತ್ರದೊಡನೆ ಹೀಗೇ ಮಾತಿಗಿಳಿಯುತ್ತದೆ. 'ನಾನು ಇಷ್ಟು ಬೈಟ್‌ನ ಪೊಟ್ಟಣ ತೆಗೆದುಕೊಳ್ಳಬಲ್ಲೆ' ಎಂದು ಒಬ್ಬರು ಹೇಳಿದರೆ, ಇನ್ನೊಬ್ಬರು 'ಒಪ್ಪಿಗೆ' ಎನ್ನಬಹುದು. 'ಅಷ್ಟು ಬೇಡ, ಇಷ್ಟಾದರೆ ಒಪ್ಪಿಗೆ' ಎಂದು ಬೇರೆ ಅಂಕಿ ಹೇಳಬಹುದು. ಅಥವಾ 'ಈ ವಿಷಯವೇ ಬೇಡ' ಎಂದು ತಳ್ಳಿಹಾಕಬಹುದು. 1994ರ ಆರ್.ಎಫ್.ಸಿ. 1661ರಲ್ಲಿ ಈ ಮೂರೂ ಉತ್ತರಗಳಿಗೆ ಬೇರೆ ಬೇರೆ ಹೆಸರಿದೆ. ಯಾರೂ ಏನೂ ಹೇಳದಿದ್ದರೆ 1500 ಎಂದು ಹಿಡಿಯುವುದು ವಾಡಿಕೆ. ಪಿ.ಪಿ.ಪಿ.ಓ.ಇ. ಸಂಪರ್ಕದಲ್ಲಿ ಮಾತ್ರ 1492 ಮೀರಿ ಕೇಳುವಂತಿಲ್ಲ. ಈ ಚೌಕಾಸಿ ಮುಗಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ಆದರೆ ಇದು ಮನೆಯ ಮೋಡೆಮ್‌ಗೂ ಮೊದಲ ಕೊಂಡಿಯ ಯಂತ್ರಕ್ಕೂ ನಡೆದ ಮಾತು. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇರುವ ಅರ್ಜಿಯ ಸರ್ವರ್‌ಗೆ ಇದರ ಸುಳಿವಿಲ್ಲ. ಅದಕ್ಕಾಗಿ ಎರಡನೆಯ ಏರ್ಪಾಡು. ನಿಮ್ಮ ಗಣಕ ಸರ್ವರ್‌ಗೆ ಮೊದಲ ನಮಸ್ಕಾರ ಹೇಳುವಾಗಲೇ 'ನನಗೆ ಒಂದು ಸಲಕ್ಕೆ ಇಷ್ಟು ಸರಕು ಕಳಿಸಿ' ಎಂದು ಒಂದು ಅಂಕಿ ಬರೆದಿರುತ್ತದೆ. ಇದಕ್ಕೆ ಎಂ.ಎಸ್.ಎಸ್. ಎನ್ನುತ್ತಾರೆ. ವಿಳಾಸ ಚೀಟಿಗಳ 40 ಬೈಟ್ ಕಳೆದು 1500ರ ತಂತಿಗೆ ಇದು 1460. 1492ರ ತಂತಿಗೆ 1452. ಇದು ಚೌಕಾಸಿಯಲ್ಲ, ಘೋಷಣೆ. ಇಬ್ಬರೂ ತಮ್ಮ ತಮ್ಮ ಅಂಕಿ ಸಾರುತ್ತಾರೆ. ಕಳಿಸುವವರು ಎದುರಿನವರ ಮಿತಿ ಮೀರುವುದಿಲ್ಲ.

ತೊಡಕು ಇಲ್ಲೇ ಹುಟ್ಟುತ್ತದೆ. ನಿಮ್ಮ ಗಣಕಕ್ಕೆ ಗೊತ್ತಿರುವುದು ಅದರಿಂದ ಮೋಡೆಮ್‌ವರೆಗಿನ ತಂತಿ ಮಾತ್ರ. ಅದು 1500ರದ್ದು. ಆದ್ದರಿಂದ ಅದು ಧೈರ್ಯವಾಗಿ 1460 ಎಂದು ಬರೆಯುತ್ತದೆ. ಮೋಡೆಮ್‌ನಿಂದಾಚೆ ದಾರಿ ಕಿರಿದಾಗಿದೆ ಎಂಬುದು ಅದಕ್ಕೂ ತಿಳಿಯದು, ಸರ್ವರ್‌ಗೂ ತಿಳಿಯದು.

ಗೇಜ್ ಬದಲಾಗುವ ನಿಲ್ದಾಣ

ಮೂರನೆಯ ಏರ್ಪಾಡು ಅರ್ಥವಾಗಲು ತಿಪಟೂರಿನ ರೈಲುಹಳಿಯನ್ನು ನೆನೆಯಬಹುದು. ಬೆಂಗಳೂರು–ಅರಸೀಕೆರೆ ಮಾರ್ಗ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಗುವ ತನಕ ಮೀಟರ್ ಗೇಜ್ ಆಗಿತ್ತು. ಒಂದು ಹಳಿಯ ಅಗಲ 1000 ಮಿ.ಮೀ., ಇನ್ನೊಂದರದು 1676 ಮಿ.ಮೀ. ಗೇಜ್ ಬದಲಾಗುವ ನಿಲ್ದಾಣದಲ್ಲಿ ಹಮಾಲರು ಒಂದು ವ್ಯಾಗನ್ನಿನಿಂದ ಸರಕು ಇಳಿಸಿ ಇನ್ನೊಂದಕ್ಕೆ ಏರಿಸಬೇಕಿತ್ತು. ದೊಡ್ಡ ವ್ಯಾಗನ್ನಿನ ಹೊರೆ ಚಿಕ್ಕ ವ್ಯಾಗನ್ನಿಗೆ ಬಂದರೆ ಎರಡು ಮೂರಕ್ಕೆ ಹಂಚಬೇಕು. ಹೊತ್ತು ವ್ಯರ್ಥ, ಕೂಲಿ ದಂಡ, ಮಧ್ಯೆ ಒಂದೆರಡು ಮೂಟೆ ಕಳೆದರೆ ಲೆಕ್ಕವೇ ತಪ್ಪುವುದು.

ಅಂತರ್ಜಾಲದಲ್ಲೂ ಮೊದಮೊದಲು ಹೀಗೇ ಇತ್ತು. ಕಿರಿದಾದ ದಾರಿ ಬಂದಲ್ಲಿ ನಡುವಿನ ಯಂತ್ರವೇ ಪೊಟ್ಟಣವನ್ನು ಒಡೆದು ಮುಂದೆ ಕಳಿಸುತ್ತಿತ್ತು. ಚೂರುಗಳನ್ನು ಮತ್ತೆ ಜೋಡಿಸುವುದು ತಲುಪಿದ ಮೇಲೆಯೇ. ಒಂದು ಚೂರು ಕಳೆದರೆ ಇಡೀ ಪೊಟ್ಟಣ ವ್ಯರ್ಥ. 1987ರಲ್ಲಿ ಕ್ರಿಸ್ಟಫರ್ ಕೆಂಟ್ ಮತ್ತು ಜೆಫ್ರಿ ಮೊಗುಲ್, ಒಡೆಯುವ ಈ ಪದ್ಧತಿ ಹಾನಿಕರ ಎಂದು ಪ್ರಬಂಧವನ್ನೇ ಬರೆದರು.

1990ರ ನವೆಂಬರ್‌ನಲ್ಲಿ ಇದೇ ಮೊಗುಲ್, ಸ್ಟೀವ್ ಡೀರಿಂಗ್ ಜೊತೆ ಸೇರಿ ಉಪಾಯವೊಂದನ್ನು ಆರ್.ಎಫ್.ಸಿ. 1191ರಲ್ಲಿ ಮುಂದಿಟ್ಟರು. ಪೊಟ್ಟಣದ ಮೇಲೆ 'ಒಡೆಯಬೇಡಿ' ಎಂಬ ಗುರುತು ಹಾಕಿ ಕಳಿಸುವುದು. ದಾರಿಯಲ್ಲಿ ಯಾವ ಯಂತ್ರಕ್ಕೆ ಅದು ಹಿಡಿಸುವುದಿಲ್ಲವೋ, ಆ ಯಂತ್ರ ಪೊಟ್ಟಣವನ್ನು ಬಿಸಾಡಿ, ಕಳಿಸಿದವರಿಗೆ ಒಂದು ಚೀಟಿ ಬರೆಯುವುದು: 'ಇದು ನನ್ನಲ್ಲಿ ಹಿಡಿಸದು, ಇಂತಿಷ್ಟು ಬೈಟ್ ಆದರೆ ದಾಟಿಸುವೆ.' ಕಳಿಸಿದವರು ಚಿಕ್ಕದಾಗಿ ಕಟ್ಟಿ ಮತ್ತೆ ಕಳಿಸುತ್ತಾರೆ. ಹೀಗೆ ಕೇಳಿ ಕೇಳಿಯೇ ದಾರಿಯ ಅಳತೆ ತಿಳಿಯುತ್ತದೆ. ಯಾರ ಬಳಿಯೂ ಇಡೀ ದಾರಿಯ ನಕ್ಷೆ ಬೇಕಿಲ್ಲ. ಆಗದು ಎನ್ನುವವರು ಆಗದು ಎಂದು ಹೇಳಿದರೆ ಸಾಕು.

ಮೌನವೇ ಕಂಟಕ

ಈ ಚೀಟಿ ಬರುವುದು ಐ.ಸಿ.ಎಂ.ಪಿ. ಎಂಬ ಸಂದೇಶದ ರೂಪದಲ್ಲಿ. ಅದೇ ಐ.ಸಿ.ಎಂ.ಪಿ. ಕುಟುಂಬದ ಬೇರೆ ಕೆಲವು ಸಂದೇಶಗಳನ್ನು ಕಿಡಿಗೇಡಿಗಳು ಸರ್ವರ್‌ಗಳಿಗೆ ಕಾಟ ಕೊಡಲು ಬಳಸಿದರು. ಅದಕ್ಕೆ ಹೆದರಿ ಎಷ್ಟೋ ಕಡೆ ಕಾವಲು ಗೋಡೆಯಲ್ಲಿ, ಅಂದರೆ ಫೈರ್‌ವಾಲ್‌ನಲ್ಲಿ, ಐ.ಸಿ.ಎಂ.ಪಿ.ಯನ್ನು ಸಾರಾಸಗಟಾಗಿ ತಡೆದರು. ಕಳ್ಳರ ಭಯಕ್ಕೆ ಅಂಚೆಯವನನ್ನೂ ಗೇಟಿನೊಳಗೆ ಬಿಡದಂತಾಯಿತು.

ಈಗ ನಮ್ಮ ಅರ್ಜಿಯ ಪುಟಕ್ಕೆ ಬನ್ನಿ. ನಮಸ್ಕಾರದ ಪೊಟ್ಟಣ ಚಿಕ್ಕದು, ಅದು ದಾಟಿತು. ಸಂಪರ್ಕ ಸಿಕ್ಕಿತು ಎಂದು ಪರದೆ ಹೇಳಿತು. ನಂತರ ಸರ್ವರ್ ತನ್ನ ಗುರುತಿನ ಪ್ರಮಾಣಪತ್ರ ಕಳಿಸಬೇಕು. ಅದು ದೊಡ್ಡದು, 1500ರ ತುಂಬು ಪೊಟ್ಟಣ. ಮೊದಲ ಕೊಂಡಿಯ ಯಂತ್ರದ ಹತ್ತಿರ ಬಂದು ಹಿಡಿಸದೆ ಬಿತ್ತು. ಯಂತ್ರ ಚೀಟಿ ಬರೆಯಿತು. ಚೀಟಿಯನ್ನು ಸರ್ವರ್‌ನ ಕಾವಲು ಗೋಡೆ ತಡೆಯಿತು. ಉತ್ತರವಿಲ್ಲವೆಂದು ಸರ್ವರ್ ಅದೇ ಪೊಟ್ಟಣವನ್ನು ಮತ್ತೆ ಕಳಿಸಿತು. ಮತ್ತೆ ಬಿತ್ತು. ಪರದೆಯಲ್ಲಿ ಚಕ್ರ ಸುತ್ತುತ್ತಲೇ ಇದೆ. 2000ದ ಸೆಪ್ಟೆಂಬರ್‌ನ ಆರ್.ಎಫ್.ಸಿ. 2923 ಇಂಥ ಸ್ಥಿತಿಯನ್ನು ಕಪ್ಪುಕುಳಿಗೆ ಹೋಲಿಸಿದೆ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ಏಕೆಂದು ಹೇಳುವವರೂ ಇಲ್ಲ. ತಂತಿಯ ವೇಗ ಹತ್ತು ಪಟ್ಟು ಹೆಚ್ಚಿಸಿದರೆ ಪೊಟ್ಟಣ ಹತ್ತು ಪಟ್ಟು ಬೇಗ ಬಂದು ಬೀಳುತ್ತದೆ, ಅಷ್ಟೇ.

ಮದ್ದು

ತಂತ್ರಜ್ಞರು ಕಂಡುಕೊಂಡ ಸುಲಭ ಮದ್ದು ಎಂದರೆ ಎಂ.ಎಸ್.ಎಸ್. ಕ್ಲ್ಯಾಂಪಿಂಗ್. ನಿಮ್ಮ ಗಣಕ ತನ್ನ ನಮಸ್ಕಾರದಲ್ಲಿ 1460 ಎಂದು ಬರೆದದ್ದನ್ನು ಮೋಡೆಮ್ ದಾರಿಯಲ್ಲೇ 1452 ಎಂದು ತಿದ್ದಿ ಕಳಿಸುತ್ತದೆ. ಸರ್ವರ್ ಮೊದಲಿನಿಂದಲೇ ಚಿಕ್ಕ ಪೊಟ್ಟಣ ಕಟ್ಟುತ್ತದೆ. ಚೀಟಿಯ ಗೊಡವೆಯೇ ಇಲ್ಲ. ಇಂದಿನ ಹೆಚ್ಚಿನ ಮೋಡೆಮ್‌ಗಳು ಇದನ್ನು ತಾವಾಗಿಯೇ ಮಾಡುತ್ತವೆ. ಅದರಿಂದಲೇ ಬಹುಪಾಲು ಮನೆಗಳಲ್ಲಿ ಈ ತೊಂದರೆ ಕಾಣುವುದಿಲ್ಲ. ಮೋಡೆಮ್ ಬದಲಿಸಿದಾಗ, ಯಾರೋ ಕೈಯಾರೆ 1500 ಎಂದು ಹಾಕಿದಾಗ, ಅಥವಾ ಬೆಂಗಳೂರಿನ ಕಚೇರಿ ಕೆಲಸವನ್ನು ಊರಿನ ಮನೆಯಿಂದ ಮಾಡಲು ವಿ.ಪಿ.ಎನ್. ಸುರಂಗ ಹಾಕಿಕೊಂಡಾಗ ಅದು ತಲೆ ಎತ್ತುತ್ತದೆ. ಸುರಂಗವೂ ತನ್ನ ಚೀಟಿಗೆ ಜಾಗ ಕೇಳುತ್ತದೆ. ದಾರಿ 1492ಕ್ಕಿಂತಲೂ ಕಿರಿದಾಗುತ್ತದೆ.

ಬೇರೆ ಮದ್ದುಗಳೂ ಬಂದಿವೆ. 2006ರ ಆರ್.ಎಫ್.ಸಿ. 4638ರಂತೆ ಎರಡೂ ಕಡೆಯ ಯಂತ್ರಗಳು 1508 ಬೈಟ್‌ನ ಚೀಲ ಹೊರಬಲ್ಲವಾದರೆ ಚೌಕಾಸಿಯಲ್ಲಿ ಪೂರ್ತಿ 1500 ಪಡೆಯಬಹುದು. 2007ರ ಆರ್.ಎಫ್.ಸಿ. 4821, ಚೀಟಿಯನ್ನು ನಂಬದೆ, ಅಳತೆಯನ್ನು ಏರಿಸಿ ಇಳಿಸಿ ತಾನೇ ಪರೀಕ್ಷಿಸುವ ದಾರಿ ತೋರಿಸಿತು. ಹೊಸ ವಿಳಾಸ ಪದ್ಧತಿಯಾದ ಐ.ಪಿ.ವಿ.6ರಲ್ಲಿ ನಡುದಾರಿಯಲ್ಲಿ ಒಡೆಯುವ ಪದ್ಧತಿಯೇ ಇಲ್ಲ. ಪ್ರತಿ ಕೊಂಡಿಯೂ ಕನಿಷ್ಠ 1280 ಬೈಟ್ ಹೊರಲೇಬೇಕೆಂಬ ನಿಯಮವಿದೆ. 2021ರ ಕ್ವಿಕ್ ಪದ್ಧತಿ 1200 ಬೈಟ್ ದಾಟದ ದಾರಿಯಲ್ಲಿ ನಡೆಯುವುದೇ ಇಲ್ಲ.

ಮನೆಯಲ್ಲೇ ಪರೀಕ್ಷೆ

ಪುಟ ನಿಂತಾಕ್ಷಣ ಅಳತೆಯದೇ ದೋಷ ಎನ್ನಲಾಗದು. ಕೊನೆಯ ದಿನದ ನೂಕುನುಗ್ಗಲಿಗೆ ಸರ್ವರ್ ಬಸವಳಿದಿರಬಹುದು. ಮೊದಲು ಅದೇ ಫೋನಿನಲ್ಲಿ ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಅದೇ ಪುಟ ತೆರೆಯಿರಿ. ಅಲ್ಲಿಯೂ ತೆರೆಯದಿದ್ದರೆ ಸರ್ವರ್‌ನದೇ ತೊಂದರೆ ಇದ್ದೀತು. ಅಲ್ಲಿ ತೆರೆದು, ಮನೆಯಲ್ಲಿ ಮಾತ್ರ ಪದೇ ಪದೇ ನಿಂತರೆ ಅಳತೆಯನ್ನು ಅನುಮಾನಿಸಬಹುದು.

ವಿಂಡೋಸ್ ಗಣಕವಿದ್ದರೆ ಕಮಾಂಡ್ ಪರದೆಯಲ್ಲಿ ಪಿಂಗ್ ಎಂಬ ಆದೇಶವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಕೊಡಿ. ಅದರ ಮುಂದೆ ಅಡ್ಡಗೆರೆ ಹಾಕಿ 'ಎಫ್' ಬರೆದರೆ 'ಒಡೆಯಬೇಡಿ' ಎಂದರ್ಥ. ಮತ್ತೊಂದು ಅಡ್ಡಗೆರೆ ಹಾಕಿ 'ಎಲ್' ಬರೆದು 1464 ಎಂದು ಕೊಟ್ಟು, ಉತ್ತರ ಕೊಡುವ ಯಾವುದಾದರೂ ತಾಣದ ಹೆಸರು ಸೇರಿಸಿ. 1464ಕ್ಕೆ ಚೀಟಿಗಳ 28 ಸೇರಿದರೆ 1492. ಉತ್ತರ ಬಂದರೆ ದಾರಿ 1492ರದ್ದು ಇದೆ. 1472 ಕೊಟ್ಟಾಗ ಒಡೆಯಬೇಕು ಎಂಬ ಉತ್ತರ ಬಂದರೆ ಗಾಬರಿ ಬೇಡ, ಪಿ.ಪಿ.ಪಿ.ಓ.ಇ.ಯಲ್ಲಿ ಅದು ಸಹಜ. 1464 ಕೂಡ ದಾಟದಿದ್ದರೆ ಹತ್ತತ್ತು ಇಳಿಸುತ್ತ ಹೋಗಿ, ದಾಟಿದ ಅಂಕಿಗೆ 28 ಸೇರಿಸಿ. ಅದೇ ನಿಮ್ಮ ದಾರಿಯ ಅಳತೆ.

ಮೋಡೆಮ್‌ನಲ್ಲಿ ಎಂ.ಟಿ.ಯು. ಅಂಕಿಯನ್ನು ಅದಕ್ಕೆ ಸರಿಹೊಂದಿಸಬಹುದು. ತಿದ್ದುವ ಮುನ್ನ ಹಳೆಯ ಅಂಕಿಯನ್ನು ಒಂದು ಕಾಗದದಲ್ಲಿ ಬರೆದಿಡಿ. ಒಂದು ಸಲಕ್ಕೆ ಒಂದನ್ನೇ ತಿದ್ದಿ. ಧೈರ್ಯ ಸಾಲದಿದ್ದರೆ ಲೈನ್‌ಮನ್‌ಗೆ 'ನೆಟ್ ಸ್ಲೋ' ಎನ್ನುವ ಬದಲು, 'ಚಿಕ್ಕ ಪುಟ ಬರುತ್ತದೆ, ದೊಡ್ಡದು ನಿಲ್ಲುತ್ತದೆ. ಪಿಂಗ್ ಇಷ್ಟಕ್ಕೆ ದಾಟುತ್ತದೆ, ಇಷ್ಟಕ್ಕೆ ದಾಟುವುದಿಲ್ಲ' ಎಂದು ಅಂಕಿ ಸಮೇತ ಹೇಳಿ. ವೈದ್ಯರಿಗೆ 'ಮೈಗೆ ಹುಷಾರಿಲ್ಲ' ಎನ್ನುವುದಕ್ಕೂ, 'ಮೂರು ದಿನದಿಂದ ಸಂಜೆ ಜ್ವರ ಬರುತ್ತಿದೆ' ಎನ್ನುವುದಕ್ಕೂ ಇರುವ ವ್ಯತ್ಯಾಸ ಇದು. ಮತ್ತೆ, ಅರ್ಜಿಯ ಪುಟವನ್ನು ಕೊನೆಯ ದಿನಕ್ಕೆ ಒಂದು ವಾರ ಮೊದಲೇ ಒಮ್ಮೆ ತೆರೆದು ನೋಡಿ. ತೆರೆಯದಿದ್ದರೆ ಗ್ರಾಮ ಒನ್ ಕೇಂದ್ರಕ್ಕೋ ಪೇಟೆಯ ಸೈಬರ್ ಸೆಂಟರ್‌ಗೋ ಹೋಗಿಬರಲು ಕಾಲಾವಕಾಶ ಇರುತ್ತದೆ.

ತಿಪಟೂರಿನಲ್ಲೇ ಇಂಜಿನಿಯರಿಂಗ್ ಕಾಲೇಜಿದೆ; ಈ ಸೀಮೆಯ ಎಷ್ಟೋ ಮಕ್ಕಳು ಗಣಕ ವಿಜ್ಞಾನ ಓದುತ್ತಿದ್ದಾರೆ. ಅವರಿಗೆ ಎಂ.ಟಿ.ಯು. ಎಂಬುದು ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿ ಕಂಡಿರಬಹುದು. ತಮ್ಮ ಮನೆಯ ಡಬ್ಬಿಯಲ್ಲಿ ಅದು 1492 ಎಂದು ಕೂತಿದೆ, ಅದಕ್ಕೊಂದು ಚರಿತ್ರೆಯಿದೆ, ತಪ್ಪಿದರೆ ಪಕ್ಕದ ಮನೆಯ ಹುಡುಗಿಯ ಅರ್ಜಿ ನಿಲ್ಲಬಹುದು ಎಂದು ತಿಳಿದವರು ಆ ಎರಡು ಅಂಕವನ್ನು ಮರೆಯುವುದಿಲ್ಲ. ಹೆಚ್ಚಿನ ಪ್ಲಾನ್‌ಗೆ ದುಡ್ಡು ಕಟ್ಟುವ ಮುನ್ನ ಯಾವ ಪೊಟ್ಟಣ, ಎಲ್ಲಿ ಹಿಡಿಸುತ್ತಿಲ್ಲ ಎಂದು ಕೇಳಿ ನೋಡಿ. ಕೇಳುವುದಕ್ಕೆ ಬಿಲ್ಲು ಬರುವುದಿಲ್ಲ.